ಕೋಪದ ದಿನ ಹಾಲಿಲ್ಲ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿ ಓಫೇಲಿಯಾ ಅವರೇ, ಸನ್ಮಾನಿತರಾಗುತ್ತಿರುವ ನನ್ನ ಅತ್ತೆ ದೋನ್ಯಾ ಎರ್ಮೆಲಿಂದಾ ಅವರೇ, ಸಭಿಕರೇ,

ಈ ದಿನ ಬೆಳಿಗ್ಗೆ ಆರಕ್ಕೆ ಗ್ಯಾಸ್ ಗಾಡಿಯ ಪೀಪಿ ನನ್ನನ್ನು ಎಬ್ಬಿಸಿತು. ಎಬ್ಬಿಸಿತು ಎನ್ನುವುದು ಶಿಷ್ಟಾಚಾರದ ಮಾತು. ನಿದ್ದೆ ಮಾಡಿದ್ದರಲ್ಲವೇ ಏಳುವುದು? ಮಗಳು ಸಿತ್ಲಾಲಿಗೆ ನಾಲ್ಕು ತಿಂಗಳು. ಭಾಷಣ ಅಲ್ಲಲ್ಲಿ ತೂಕಡಿಸಿದರೆ ಕ್ಷಮಿಸಬೇಕು.

ತಾಯಂದಿರ ದಿನದಂದು ಊರಿನ ಹಿರಿಯ ತಾಯಿಯನ್ನು ಹೊಗಳಲು ಅವರ ಸೊಸೆಯನ್ನೇ ಕರೆದಿದ್ದೀರಿ. ಇದು ಅವರಿಗೆ ಸನ್ಮಾನವೋ, ನನಗೆ ಪರೀಕ್ಷೆಯೋ?

ಎಂಟು ಮಕ್ಕಳನ್ನು ಹೆತ್ತು ಎಂಟನ್ನೂ ಉಳಿಸಿಕೊಂಡವರು ಅತ್ತೆ. ನನ್ನ ಬಾಣಂತನ ಮಾಡಿದವರೂ ಅವರೇ. ಮೊದಲ ಸಲ ನಾನು ಸಿಟ್ಟಿನಿಂದ ಬಾಣಲೆ ಎಸೆದಾಗ ಬೈಯಲಿಲ್ಲ. "ಪಿತ್ತ ಕೆರಳಿದೆ ಕಣೇ ಹುಡುಗಿ, ಈ ಬೋಲ್ದೋ ಎಲೆ ಕಷಾಯ ಕುಡಿ. ಇವತ್ತು ಮಗೂಗೆ ಎದೆ ಕೊಡಬೇಡ. ಕೋಪದ ಹಾಲು ವಿಷ" ಎಂದರು. ನಿಮ್ಮೆಲ್ಲರ ಮನೆಯಲ್ಲೂ ಇದೇ ಮಾತಲ್ಲವೇ? ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ನಾನೂ ಹಾಲು ಹಿಂಡಿ ಸೀಬೆ ಗಿಡದ ಬುಡಕ್ಕೆ ಚೆಲ್ಲಿದೆ.

ಮಗಳು ಹಸಿದು ಅತ್ತಳು. ಆ ಅಳುವಿಗೆ ಮತ್ತೆ ಕೋಪ ಬಂತು. ಕೋಪ ಬಂದದ್ದಕ್ಕೆ ಮತ್ತೆ ಹಾಲಿಲ್ಲ. ಕೊನೆಗೆ, ಕೋಪ ಬಂತೆಂದು ಹೇಳುವುದನ್ನೇ ಬಿಟ್ಟೆ.

"ಇವತ್ತು ಬಂತೇನೇ?"

"ಇಲ್ಲ ಅತ್ತೆ, ಎಲ್ಲಿ ಬಂತು!"

ಅತ್ತೆ ನೆರೆಯವರೆದುರು ಬೀಗಿದರು. "ನನ್ನ ಕಷಾಯ ನೋಡ್ರೇ, ಹುಲಿ ಹಸುವಾಗಿದೆ!"

ಸಭಿಕರೇ, ಆಗಿಲ್ಲ. ಇಂದು ಬೆಳಿಗ್ಗೆ ನಾನೆಸೆದ ಗಾಜಿನ ಲೋಟ ತೊಟ್ಟಿಲ ಮೇಲಿನ ಗೋಡೆಗೆ ಬಡಿಯಿತು. ಚೂರುಗಳು ಮಗಳ ಹೊದಿಕೆಯ ಮೇಲೆ ಬಿದ್ದವು. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು. ಒಂದೊಂದೇ ಚೂರು ಆರಿಸಿ, ಅವಳನ್ನೆತ್ತಿಕೊಂಡು ಹಾಲು ಕೊಟ್ಟೆ. ಅತ್ತೆ, ನಿಮಗಿದು ಗೊತ್ತಿಲ್ಲ. ಕೈಯಲ್ಲಿರುವ ಈ ಭಾಷಣದ ಹಾಳೆಯಲ್ಲೂ ಬರೆದಿಲ್ಲ. ಇಲ್ಲಿರುವುದು ನಿಮ್ಮ ಕೈಯಡುಗೆಯ ವರ್ಣನೆ.

ಈ ಕೋಪ ನನ್ನನ್ನು ಕೇಳಿ ಬರುವುದಿಲ್ಲ. ಹೋದ ಮೇಲೆ ಬದುಕೇ ಬೇಡವೆನ್ನಿಸುವಂತೆ ಮಾಡಿ ಹೋಗುತ್ತದೆ. ಮಗಳ ಚುಚ್ಚುಮದ್ದಿನ ದಿನ ನರ್ಸ್ ಹೇಳಿದ್ದರು: "ಇದು ಪಿತ್ತ ಅಲ್ಲಮ್ಮ, ಬಾಣಂತಿಯರ ಮನಸ್ಸಿಗೆ ಬರೋ ಕಾಯಿಲೆ. ವಾಸಿಯಾಗುತ್ತೆ. ಮನೋವೈದ್ಯರ ಸಹಾಯವಾಣಿಗೆ ರಾತ್ರಿಯಾದರೂ ಸರಿ, ಫೋನ್ ಮಾಡು." ಗಂಡ ಎಲೆಯಾಜಾರ್ ತಡೆದ. "ಸುಮ್ನಿರೇ ಮಾರಾಯ್ತಿ, ಹುಚ್ಚಿ ಅಂತಾರೆ, ಮಗೂನ ಕಿತ್ಕೊಂಡು ಹೋಗ್ತಾರೆ." ಅವನದೂ ಹೆದರಿಕೆಯೇ. ನಾನು ಕದ್ದು ಫೋನ್ ಮಾಡಿದ್ದುಂಟು. ಆ ಕಡೆಯಿಂದ "ಹೇಳಿ" ಎಂದೊಡನೆ ಇಟ್ಟುಬಿಡುತ್ತೇನೆ. ಏನೆಂದು ಹೇಳಲಿ?

ಇಷ್ಟು ಜನರೆದುರು ಹೇಳಲು ಬಂದದ್ದು ಫೋನಿನಲ್ಲಿ ಏಕೆ ಬರುವುದಿಲ್ಲವೋ ತಿಳಿಯದು. ಈ ವೇದಿಕೆ ಇಳಿದರೆ ಮತ್ತೆ ಬಾಯಿ ಕಟ್ಟುತ್ತದೆ. ತಲೆ ತಗ್ಗಿಸಿ ಕುಳಿತ ಅಕ್ಕಂದಿರೇ, ನಿಮ್ಮಲ್ಲೂ ಕೆಲವರಿಗೆ ನನ್ನ ಮಾತು ಹೊಸದಲ್ಲ ಎಂದು ಕಾಣುತ್ತದೆ. ಯಾರಾದರೊಬ್ಬರು ನನ್ನ ಮನೆಗೆ ಬನ್ನಿ. ಆ ಸಹಾಯವಾಣಿಯವರೊಡನೆ ನನ್ನ ಪರವಾಗಿ ನೀವು ಮಾತನಾಡಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಅತ್ತೆ, ಈ ರಾತ್ರಿ ಮಗು ನಿಮ್ಮ ಮಗ್ಗುಲಲ್ಲಿ ಮಲಗಲಿ. ಹಸಿದಾಗ ಮಾತ್ರ ನನ್ನ ಬಳಿಗೇ ತನ್ನಿ; ನನ್ನ ಹಾಲು ವಿಷವಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ದಯವಿಟ್ಟು, ಬೆಳಗಾಗುವ ಮೊದಲು ನನಗಾಗಿ ಆ ಫೋನ್ ಮಾಡಿ. ನಮಸ್ಕಾರ.