ಚಂದವ್ವನ ಹೊಸ ಚಶ್ಮಾ

ಅಧ್ಯಕ್ಷರಾದ ಭುಜಂಗ ಶೆಟ್ಟರೇ, ಕಾರ್ಯದರ್ಶಿ ಪೃಥ್ವಿರಾಜ್ ಅವರೇ, ಠಾಣೆಯಿಂದ ಡೊಂಬಿವಲಿಯವರೆಗೆ ಲೋಕಲ್‌ನಲ್ಲಿ ನಿಂತುಕೊಂಡೇ ಬಂದ ಮುಖ್ಯ ಅತಿಥಿಗಳೇ, ಪಕ್ಕದ ಕೋಣೆಯಿಂದ ಸಾಂಬಾರಿನ ಪರಿಮಳ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ವಿದಾಯ ಹೇಳುವ ಎರಡು ಒಳ್ಳೆಯ ಮಾತಾಡಿ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಮುಂದಿನ ವರ್ಷದಿಂದ ಸಂಚಿಕೆ ಅಚ್ಚಾಗುವುದು ಬೇಡ, ಫೋನಿನಲ್ಲಿ ಕಳುಹಿಸಿದರೆ ಸಾಕು ಎಂಬ ಠರಾವು ಊಟಕ್ಕೆ ಮೊದಲು ನಿಮ್ಮ ಮುಂದೆ ಬರಲಿದೆ. ನೀವು ಕೈ ಎತ್ತಬೇಕು. ಕಾರಣ ಏನೆಂದರೆ, ಅಚ್ಚಾದದ್ದನ್ನು ಯಾರೂ ಓದುವುದಿಲ್ಲವಂತೆ. ಯಾರೂ ಓದುವುದಿಲ್ಲ! ಇದನ್ನು ಸಮಿತಿ ಯಾವ ಮನೆಯಲ್ಲಿ ಹೋಗಿ ಕೇಳಿತು? ಇಷ್ಟು ವರ್ಷ ಸಂಪಾದಕನಾಗಿದ್ದ ನನ್ನನ್ನಂತೂ ಕೇಳಲಿಲ್ಲ. ಆದ್ದರಿಂದ ನಾನಾಗಿಯೇ ಹೇಳುತ್ತೇನೆ.

ನಮ್ಮ ಸಂಚಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಆರಂಭಿಸಿದ್ದು ಎರಡು ಸಾವಿರದ ಒಂದರಲ್ಲಿ. ಆಗ ಎರಡು ಫ್ಲಾಪಿ ಬೇಕಾಗುತ್ತಿದ್ದವು. ಒಂದರಲ್ಲಿ ಬರಹ, ಇನ್ನೊಂದರಲ್ಲಿ ಅದರ ಫಾಂಟು. ಫಾಂಟಿಲ್ಲದೆ ಬರಹ ಮಾತ್ರ ಪ್ರೆಸ್ಸಿಗೆ ಹೋದರೆ ತೆರೆಯ ಮೇಲೆ ಕಾಣುವುದು ಇರುವೆ ಸಾಲು. ಲೋಕಲ್‌ನ ನೂಕುನುಗ್ಗಲಿನಲ್ಲಿ ಫ್ಲಾಪಿ ಮುರಿಯಬಾರದಲ್ಲ, ಅದಕ್ಕೆ ಎರಡನ್ನೂ ಟಿಫಿನ್ ಡಬ್ಬಿಯೊಳಗೆ ಇಡುತ್ತಿದ್ದೆ. ನನ್ನ ಹೆಂಡತಿ ಜಯಲತಾ, "ಚಪಾತಿಗೆ ಜಾಗ ಇಲ್ಲ. ಇವತ್ತು ಮಧ್ಯಾಹ್ನ ನಿಮಗೆ ಫಾಂಟೇ ಗತಿ" ಎನ್ನುತ್ತಿದ್ದಳು. ಕೋಪರಿಯ ಪ್ರೆಸ್ಸಿನ ಮಾಲೀಕರು ನನ್ನನ್ನು ಕಂಡೊಡನೆ "ಆಲಾ ಕಾ ಕಾನಡೀ ಡಬಾ!", ಬಂತೇ ಕನ್ನಡದ ಡಬ್ಬಿ, ಎಂದು ಮರಾಠಿಯಲ್ಲಿ ಕೂಗಿ ಚಹಾ ತರಿಸುತ್ತಿದ್ದರು. ಅಲ್ಲೇ ಸ್ಟೂಲಿನ ಮೇಲೆ ಕೂತು, ಹಸಿ ಶಾಯಿಯ ವಾಸನೆಯಲ್ಲಿ, ಕಾಗದದ ಮೇಲೆ ತೆಗೆದ ಪ್ರೂಫನ್ನು ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದೆ. ಒಂದು ಒತ್ತಕ್ಷರ ಕೆಳಗೆ ಬಿದ್ದಿದ್ದರೂ ಎತ್ತಿ ಕೂರಿಸುವವರೆಗೆ ಏಳುತ್ತಿರಲಿಲ್ಲ. ಅಂಥ ಸುಖವನ್ನು ನಾನು ನನ್ನ ಆಫೀಸಿನಲ್ಲಿ ಒಂದು ದಿನವೂ ಕಂಡಿಲ್ಲ.

ಆಮೇಲೆ ಈಮೇಲ್ ಬಂತು. ಎರಡು ಸಾವಿರದ ಹನ್ನೆರಡರಲ್ಲಿ ಪ್ರೂಫ್ ನೋಡಲು ಕೋಪರಿಗೆ ಹೊರಟರೆ ಸಮಿತಿಯವರು, "ಈಮೇಲ್ ಇರುವಾಗ ಯಾಕೆ ಒದ್ದಾಡ್ತೀರಿ ಮಾರಾಯ್ರೆ?" ಎಂದರು. ಆ ವರ್ಷ ಕೊನೆಯಲ್ಲಿ ಬಂದ ಎರಡು ಬರಹಗಳನ್ನು ಘಣಸೋಲಿಯ ಕಮಲಾಕ್ಷ ತನ್ನ ಮನೆಯಲ್ಲಿ ಟೈಪು ಮಾಡಿ ನೇರವಾಗಿ ಪ್ರೆಸ್ಸಿಗೆ ಕಳುಹಿಸಿದ. ಅವನು ಬಳಸಿದ ಫಾಂಟು ಪ್ರೆಸ್ಸಿನಲ್ಲಿ ಇರಲಿಲ್ಲ. "ಈ ಫಾಂಟಿಲ್ಲ, ಬದಲಿಗೆ ಯಾವುದು ಹಾಕಲಿ?" ಎಂದು ಕಂಪ್ಯೂಟರು ಕೇಳಿತು. ಅಲ್ಲಿ ಪುಟ ಜೋಡಿಸುತ್ತಿದ್ದವಳು ನಿಕಿತಾ. ನಮ್ಮದೇ ಹುಡುಗಿ, ಕಲ್ವಾದಲ್ಲಿ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಪಟ್ಟಿಯಲ್ಲಿದ್ದ ಬೇರೊಂದು ಕನ್ನಡ ಫಾಂಟನ್ನು ಅವಳು ಒತ್ತಿದಳು. ಆದರೆ ಒಂದು ಫಾಂಟಿನಲ್ಲಿ 'ಕ' ಕೂತ ಮನೆಯಲ್ಲಿ ಇನ್ನೊಂದರಲ್ಲಿ ಯಾವುದೋ ಒತ್ತು, ಯಾವುದೋ ಕೊಂಬು ಕೂತಿರುತ್ತದೆ. ಎಲ್ಲವೂ ಕನ್ನಡವೇ, ಒಂದು ಪದವೂ ಕನ್ನಡವಲ್ಲ. ಆಮೇಲೆ ಕೇಳಿದಾಗ ಅವಳು, "ಅಂಕಲ್, ಗೋಲ್ ಗೋಲ್ ದಿಖಾ, ಮುಝೆ ಲಗಾ ಬರೋಬರ್ ಹೈ" ಎಂದಳು. ದುಂಡು ದುಂಡಗೆ ಕಂಡದ್ದರಿಂದ ಸರಿಯಿದೆ ಅಂದುಕೊಂಡಳಂತೆ. ಅವಳನ್ನು ಹೇಗೆ ಬೈಯಲಿ? ಅವಳಿಗೆ ಅಕ್ಷರ ಕಲಿಸಬೇಕಿದ್ದ ಸಂಘ ಯಾವುದು?

ಬಿಡುಗಡೆಯ ದಿನ ಇದೇ ವೇದಿಕೆಯ ಮೇಲೆ ಸಂಚಿಕೆ ಬಿಚ್ಚಿ ನೋಡಿದೆ. ಹಾಳಾದ ಪುಟಗಳಲ್ಲಿ ಮೂರು ನನ್ನದೇ ಲೇಖನ. ನಾಲ್ಕನೆಯದು ಅಗಲಿದ ಸದಸ್ಯರ ನೆನಪಿನ ಪುಟ. ಅಲ್ಲೇ ಕೂಗಾಡಿದೆ. ಭುಜಂಗ ಶೆಟ್ಟರು ನನ್ನ ಕೈ ಹಿಡಿದು, "ಹಂಚಿ ಆಯ್ತು. ಯಾರಾದ್ರೂ ಫೋನ್ ಮಾಡಿದ್ರೆ ನೋಡುವ" ಎಂದರು. ಶೆಟ್ಟರೇ, ನಗಬೇಡಿ, ಹೇಳಿದ್ದೀರಿ.

ನಾನು ಫೋನಿನ ಹತ್ತಿರವೇ ಕುಳಿತೆ. ಯಾರೂ ಮಾಡಲಿಲ್ಲ. ಕಲ್ಯಾಣದಲ್ಲಿ ಒಂದು ಮದುವೆಗೆ ಹೋದರೆ ಅಲ್ಲೊಬ್ಬರು ನನ್ನ ಕೈ ಕುಲುಕಿ, "ಲೇಖನ ಫಸ್ಟ್ ಕ್ಲಾಸ್. ಎಂಥಾ ಭಾಷೆ ಮಾರಾಯ್ರೆ ನಿಮ್ದು!" ಎಂದರು. ಭಾಷೆ! ಅದು ಯಾವ ಭಾಷೆಯೆಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಉಣ್ಣದೆ ಕುಳಿತಾಗ ಜಯಲತಾ ಕೇಳಿದಳು: "ತಪ್ಪಾಯ್ತು ಅಂತ ಬೇಜಾರಾ, ಯಾರೂ ಓದ್ಲಿಲ್ಲ ಅಂತ ಬೇಜಾರಾ?" ಹೆಂಡತಿಯರು ಇಂಥ ಪ್ರಶ್ನೆ ಕೇಳಬಾರದು.

ತಿಂಗಳು ಕಳೆದ ಮೇಲೆ ಒಂದು ಫೋನು ಬಂತು. ಟಿಟ್ವಾಳಾದಿಂದ.

"ವಿಷ್ಣುಮೂರ್ತಿ ಅಣ್ಣಾರೇನ್ರೀ? ನಾ ಚಂದವ್ವ, ಅಮೃತಪ್ಪನವರ ಮನಿಯಾಕಿ. ಪುಸ್ತಕದಾಗ ಇವರ ಫೋಟೋ ಭಾಳ ಚಂದ ಬಂದೈತ್ರಿ. ಕೆಳಗ ಏನ್ ಬರದೀರಿ ಅನ್ನೋದು ಮಾತ್ರ ಓದಾಕ ಆಗವಲ್ದು."

ಆ ನೆನಪಿನ ಪುಟದಲ್ಲಿದ್ದವರು ಆಕೆಯ ಗಂಡ ಅಮೃತಪ್ಪನವರು. ತಪ್ಪು ನಮ್ಮದು ಎಂದು ಹೇಳಲು ಬಾಯಿ ತೆರೆದೆ. ಆಕೆ ಬಿಡಲಿಲ್ಲ. "ಕಣ್ಣಿಗಿ ಪೊರಿ ಬಂದೈತೇನೋ ಅಂತ ಕಲ್ಯಾಣದಾಗ ಡಾಕ್ಟರ ಕಡೆ ಹೋಗಿದ್ದೆ. ಹೊಸಾ ಚಶ್ಮಾ ಮಾಡ್ಸೀನ್ರಿ. ಹಾಕ್ಕೊಂಡು ನೋಡಿದ್ರ ಫೋಟೋ ಇನ್ನೂ ಚಂದ ಕಾಣ್ತೈತಿ. ಅಕ್ಷರ ಮಾತ್ರ ಹಂಗ ಅದಾವು. ಚಶ್ಮಾ ಬರೋಬರಿ ಇಲ್ಲೇನ್ರೀ?"

ಸಭಿಕರೇ, ನಾವೆಲ್ಲ ಓದಿದವರು. ನಿಮ್ಮಲ್ಲಿ ಒಬ್ಬರೂ ಸಂಚಿಕೆಯಲ್ಲಿ ತಪ್ಪು ಕಂಡು ಫೋನು ಮಾಡಲಿಲ್ಲ. ಆಕೆಗೆ ಕಂಡಿತು, ಆದರೆ ಆಕೆ ತಮ್ಮ ಕಣ್ಣನ್ನೇ ಅನುಮಾನಿಸಿದರು. ನಾವು ಅಚ್ಚು ಹಾಕಿದ್ದು ತಪ್ಪಿರಬಹುದೆಂಬ ಯೋಚನೆಯೇ ಆಕೆಗೆ ಬರಲಿಲ್ಲ. ಅಷ್ಟು ನಂಬಿಕೆಯನ್ನು ನನ್ನ ಮೇಲೆ ಬೇರೆ ಯಾರೂ ಇಟ್ಟಿಲ್ಲ. ನನ್ನ ಮಕ್ಕಳೂ ಇಟ್ಟಿಲ್ಲ.

ಮರುದಿನ ಕೋಪರಿಗೆ ಹೋದೆ. ಕಮಲಾಕ್ಷನಿಂದ ಫಾಂಟು ತರಿಸಿದೆವು. ನಿಕಿತಾ ಆ ಪುಟವನ್ನು ಹೊಸದಾಗಿ ತೆರೆದು, ಅಕ್ಷರಗಳನ್ನೆಲ್ಲ ಗೆರೆಗಳ ಚಿತ್ರವಾಗಿ ಮಾರ್ಪಡಿಸಿ, "ಅಬ್ ಕೋಯಿ ಭಿ ಮಶೀನ್ ಮೇ ಡಾಲೋ ಅಂಕಲ್, ಹಿಲೇಗಾ ನಹೀ" ಎಂದಳು. ಇನ್ನು ಯಾವ ಮಶೀನಿಗೆ ಹಾಕಿದರೂ ಅಕ್ಷರ ಅಲುಗುವುದಿಲ್ಲವಂತೆ. ನಾನು ಕಾಗದದ ಮೇಲೆ ಬೆರಳಿಟ್ಟು ಓದಿದೆ. ಒಂದೇ ಒಂದು ಹಾಳೆ ಅಚ್ಚಾಯಿತು. ಅದನ್ನು ತೆಗೆದುಕೊಂಡು ಟಿಟ್ವಾಳಾ ಗಾಡಿ ಹತ್ತಿದಾಗ ನಿಕಿತಾ ತಾನೂ ಬರುತ್ತೇನೆಂದಳು.

ಚಂದವ್ವ ಕಿಟಕಿಯ ಹತ್ತಿರ ಕುಳಿತು ಹೊಸ ಚಶ್ಮಾ ಒರೆಸಿ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಗಂಡ ಗದಗದಿಂದ ಬಂದದ್ದು, ಉಲ್ಹಾಸನಗರದಲ್ಲಿ ಬಟ್ಟೆ ವ್ಯಾಪಾರಕ್ಕಿಳಿದದ್ದು, ರವಿವಾರ ಸಂಘದಲ್ಲಿ ಕುರ್ಚಿ ಜೋಡಿಸುತ್ತಿದ್ದದ್ದು. ಕುರ್ಚಿಯ ಸಾಲು ಬಂದಾಗ ನಕ್ಕು, "ಮನ್ಯಾಗ ಒಂದು ತಾಟು ಎತ್ತಿಟ್ಟಾವರಲ್ಲ" ಎಂದರು. ನಿಕಿತಾ ಹತ್ತಿರ ಸರಿದು, "ಅಜ್ಜಿ, ಫಿರ್ ಸೆ ಪಢೋ ನಾ. ಯೇ ಕೌನ್ಸಾ ಅಕ್ಷರ್ ಹೈ?" ಎಂದಳು. ಆಕೆ ಇನ್ನೊಮ್ಮೆ ಓದುತ್ತ, ಯಾವುದು ಯಾವ ಅಕ್ಷರವೆಂದು ಬೆರಳಿಟ್ಟು ತೋರಿಸಿದರು. ನಿಕಿತಾ ಈಗ ತಡವರಿಸಿ ಓದುತ್ತಾಳೆ. ಇವತ್ತು ನಿಮ್ಮ ಕೈಯಲ್ಲಿರುವ ಸಂಚಿಕೆಯ ಪ್ರೂಫನ್ನು ನನ್ನ ಜೊತೆ ಕುಳಿತು ನೋಡಿದವಳು ಅವಳೇ.

ಈಗ ಠರಾವಿನ ಮಾತು. ಹೋದ ವಾರ ಪೃಥ್ವಿರಾಜ್ ಅವರು ಎಲ್ಲರ ಫೋನಿಗೂ ಕನ್ನಡದಲ್ಲಿ ಒಂದು ಸಂದೇಶ ಕಳುಹಿಸಿ ಪರೀಕ್ಷಿಸಿದರು. "ಸಕ್ಸೆಸ್" ಎಂದರು. ಅದೇ ಸಂಜೆ ನನಗೆ ಟಿಟ್ವಾಳಾದಿಂದ ಫೋನು. ಆಕೆಯದು ಮೊಮ್ಮಗಳು ಬಿಟ್ಟ ಹಳೆಯ ಫೋನು. ಅದರಲ್ಲಿ ಕನ್ನಡದ ಫಾಂಟೇ ಇಲ್ಲ. "ಅಣ್ಣಾರ, ಬರೇ ಚೌಕ ಚೌಕ ಕಾಣಾಕ್ಹತ್ತಾವು. ಮತ್ತ ಡಾಕ್ಟರ ಕಡೆ ಹೋಗ್ಲೇನ್ರೀ?"

ಠರಾವು ಪಾಸಾದರೆ ಆಕೆ ಪ್ರತಿವರ್ಷ ಚಶ್ಮಾ ಬದಲಿಸಬೇಕೆ?

ಚಂದವ್ವನವರು ಇವತ್ತು ಬಂದಿದ್ದಾರೆ. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ, ನಿಕಿತಾಳ ಪಕ್ಕ. ತಿರುಗಿ ನೋಡಿ, ಪರವಾಗಿಲ್ಲ, ಆಕೆಗೆ ತಿಳಿಯುವುದಿಲ್ಲ. ತಮ್ಮ ಹೆಸರು ಬಂದಾಗ ಒಮ್ಮೆ ತಲೆ ಎತ್ತಿದರು, ಅಷ್ಟೆ. ಇಷ್ಟು ಹೊತ್ತು ನಾನು ಗಂಟಲು ಹರಿದುಕೊಂಡದ್ದನ್ನು ಆಕೆ ಕೇಳಿಯೇ ಇಲ್ಲ. ಆಕೆ ಸಂಚಿಕೆ ಓದುತ್ತಿದ್ದಾರೆ.

ಅಧ್ಯಕ್ಷರೇ, ಆಕೆ ಓದುತ್ತಿರುವ ಪುಟ ಮುಗಿಸುವವರೆಗೆ ಠರಾವು ಕಾಯಲಿ. ವಿದಾಯದ ಮಾತಿಗೆ ಕರೆದು ಇದನ್ನೆಲ್ಲ ಕೇಳಬೇಕಾಗಿ ಬಂದ ನಿಮ್ಮೆಲ್ಲರಿಗೂ ಧನ್ಯವಾದ. ಚಪ್ಪಾಳೆ ಮೆಲ್ಲಗೆ ತಟ್ಟಿ, ಹಿಂದೆ ಓದುತ್ತಿದ್ದಾರೆ. ನಮಸ್ಕಾರ.