ಮುಟ್ಟದೆ ಹರಿಸುವ ಕರೆಂಟು

ಟಿಕೋಟಾ ಬಸ್ಸಿನಲ್ಲಿ, ಇಬ್ಬರಿಗೂ ಅಪರಿಚಿತಳಾದ ಪ್ರಯಾಣಿಕಳು ಶೈಲಾಳ ಮುಂದೆ ಗಂಡಿನ ತಾಯಿ ರೇಣುಕವ್ವ, ಪಕ್ಕದ ಸಾಲಿನಲ್ಲಿ ಹೆಣ್ಣಿನ ತಂದೆ ಶಿವಯೋಗೆಪ್ಪ ಕೂತಿದ್ದರು. ಸಂಬಂಧ ಇನ್ನೂ ಗಟ್ಟಿಯಾಗಿಲ್ಲವೆಂದು ಅವರ ಮಾತೇ ಹೇಳುತ್ತಿತ್ತು.

“ನಿಮ್ಮ ಮಗಳು ಗುಜರಾತದಾಗ ರೇಡಿಯೋದಾಗ ಹಾಡ್ತಾಳಂತಲ್ರಿ ಅಣ್ಣಾರ?”

“ಹಾಡೂದಲ್ಲ ಯಕ್ಕಾ. ರೇಡಿಯೋ ತೆರಿ, ಅಲಿ ಅಂತಾರಲ್ಲ, ಅವನ್ನ ಬಿಟ್ಟು ಕರೆಂಟ್ ಹರಸ್ತಾಳ.”

“ಯಾಕ, ವಾಯರ್ ಇಲ್ಲೇನು ಅಲ್ಲಿ?”

“ಕರೆಂಟ್ ಹರಿಯೂದು ಪ್ಲಾಸ್ಮಾದಾಗ್ರಿ, ಸೂರ್ಯಾನಂಥಾ ಬೆಂಕಿ ಅದು. ವಾಯರ್ ಸುಟ್ಟ ಹೋಗತೈತಿ. ಕಣದಾಗ ರಾಶಿ ತುಳಸುವಾಗ ಹಂತಿ ಪದಾ ಹಾಡಿ ಎತ್ತು ಸುತ್ತ ಹೊಡೀತಿದ್ವಲ್ಲ, ಹಂಗ. ಮುಟ್ಟದನ ದೂಡೂದು.”

“ಪದಾ ನಿಂತ್ರ ಎತ್ತೂ ನಿಲ್ಲತಿದ್ವು.”

“ಹೂಂ ಮತ್ತ! ತೆರಿ ನಿಂತ್ರ ಆ ಕರೆಂಟೂ ನಿಲ್ಲತೈತಿ. ಅದಕ್ಕ ಅಕಿ ಅಲ್ಲೇ ಇರಬೇಕು.”

“ಮದುವಿ ಆದ ಮ್ಯಾಲೆ ಬಿಡ್ತಾಳಲ್ಲ?”

ಶೈಲಾ ಕಿವಿಗೊಟ್ಟು ಮುಂದಕ್ಕೆ ಬಾಗಿದಳು.

“ಬಿಡೂದಿಲ್ಲ ಯಕ್ಕಾ. ನಾನೂ ಬಿಡು ಅನ್ನಾಂವಲ್ಲ. ನಮ್ಮ ತಾಲೂಕಿನಾಗ ಆ ಕೆಲಸಾ ಬಲ್ಲಾಕಿ ಅಕೀ ಒಬ್ಬಾಕಿ. ನಿಮಗ ಒಪ್ಪಿಗಿ ಇಲ್ಲಂದ್ರ ಇಲ್ಲಿಗೇ ಮಾತು ಮುಗಸೂಣು.”

ಬಸ್ಸು ನಿಂತಾಗ ರೇಣುಕವ್ವ ಸೆರಗು ಸರಿಪಡಿಸಿಕೊಂಡು ಎದ್ದಳು.

“ನಮ್ಮ ಮಗ ಸಿದ್ದಲಿಂಗೇಶಗ ರೊಟ್ಟಿ ಬಡಿಯೂದು ನಾನ ಕಲಸ್ತೀನಿ ತಗೋರಿ. ಇಳೀರಿ ಬೀಗರ, ಟಿಕೋಟಾ ಬಂತು.”