ಬಿ ಬ್ಲಾಕಿನ ಅರ್ಜಿ ನಾನು ಕೊಡಲಿಲ್ಲ

ನನ್ನ ಹೆಸರು ರಿಝ್ವಾನಾ, ತಂದೆ ದಿ. ಅಬ್ದುಲ್ಲ, ಪ್ರಾಯ 43 ವರ್ಷ, ಹೊಲಿಗೆ ಕೆಲಸ, ವಾಸ: ಬಿ ಬ್ಲಾಕ್, ಹೊಳೆಬದಿ ಬಾಡಿಗೆ ವಸತಿ ಸಮುಚ್ಚಯ, ಕೂಳೂರು, ಮಂಗಳೂರು. ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ,

ನಮ್ಮ ಸಮುಚ್ಚಯವನ್ನು ಒಂದು ವಸತಿ ಟ್ರಸ್ಟ್ ನಡೆಸುತ್ತದೆ. ಬಾಡಿಗೆದಾರರ ಮಾತು ಟ್ರಸ್ಟಿಗೆ ನೇರವಾಗಿ ತಲುಪಲೆಂದು ಈ ವರ್ಷ ಬ್ಲಾಕಿಗೊಬ್ಬರಂತೆ ಪ್ರತಿನಿಧಿಗಳನ್ನು ಆರಿಸಲಾಯಿತು. ಬಿ ಬ್ಲಾಕಿಗೆ ನನ್ನ ಹೆಸರು ಹೇಳಿದವರು ಎದುರು ಮನೆಯ ಬಾಗಿಯಕ್ಕ, ಪ್ರಾಯ 58.

ಎರಡನೇ ಮಹಡಿಯ ಮೆಟ್ಟಿಲಿನ ಕಬ್ಬಿಣದ ರೇಲಿಂಗ್ ತುಕ್ಕು ಹಿಡಿದು ಅಲುಗಾಡುತ್ತಿತ್ತು. ಅದರ ಬಗ್ಗೆ 23 ಮನೆಯವರು ಸಹಿ ಹಾಕಿದ ಅರ್ಜಿಯನ್ನು ಟ್ರಸ್ಟಿನ ಸಭೆಯಲ್ಲಿ ಕೊಡಲು ನನ್ನ ಕೈಗೆ ಕೊಟ್ಟಿದ್ದರು. ದಿನಾಂಕ 06-11-2025ರಂದು ಬೆಳಿಗ್ಗೆ 11.00ಕ್ಕೆ ಕೊಡಿಯಾಲ್‌ಬೈಲ್ ಕಚೇರಿಯಲ್ಲಿ ಸಭೆ ಇತ್ತು. 10.40ಕ್ಕೆ ಟ್ರಸ್ಟಿನ ಮ್ಯಾನೇಜರ್ ಅಲ್ಫೋನ್ಸ್ ನನ್ನನ್ನು ಹೊರಗೆ ಕರೆದು, ನಿಮ್ಮ ತಾಯಿಯ ಫೈಲು ನನ್ನ ಮೇಜಿನ ಮೇಲೆಯೇ ಉಂಟು, ಇವತ್ತು ದೂರು ಎಂತದೂ ಬೇಡ ಎಂದರು. ನನ್ನ ತಾಯಿ ಖತೀಜಮ್ಮ, ಪ್ರಾಯ 76, ಮೊಣಕಾಲು ನೋವಿನಿಂದ ಎರಡು ವರ್ಷಗಳಿಂದ ಮೂರನೇ ಮಹಡಿಯಿಂದ ಇಳಿದಿರಲಿಲ್ಲ. ನೆಲಮಹಡಿಯ ಕೆಳಗಿನ ಮನೆಗೆ ಅರ್ಜಿ ಹಾಕಿದ್ದೆವು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, ಬಿ ಬ್ಲಾಕಿನಲ್ಲಿ ಏನೂ ತೊಂದರೆ ಇಲ್ಲ ಎಂದೆ. ಅರ್ಜಿ ಬ್ಯಾಗಿನಲ್ಲೇ ಇತ್ತು. ಸಂಜೆ ಕೇಳಿದವರಿಗೆಲ್ಲ, ಕೊಟ್ಟಿದ್ದೇನೆ, ನೋಡ್ತಾರಂತೆ ಎಂದು ಸುಳ್ಳು ಹೇಳಿದೆ.

12ರಂದು ತಾಯಿಗೆ ಕೆಳಗಿನ ಮನೆ ಮಂಜೂರಾಯಿತು. 15ರಂದು ಸಂಜೆ 4.00ಕ್ಕೆ ಸಾಮಾನು ಇಳಿಸುವಾಗ ಬಾಗಿಯಕ್ಕ ಕರೆಯದೆಯೇ ಬಂದು ತಾಯಿಯ ಹಾಸಿಗೆ ಹೊತ್ತುಕೊಂಡರು. ಎರಡನೇ ಮಹಡಿಯಲ್ಲಿ ಹಾಸಿಗೆ ಅಡ್ಡವಾಗಿ ಮೆಟ್ಟಿಲು ಕಾಣದೆ ಕಾಲು ತಪ್ಪಿತು. ರೇಲಿಂಗ್ ಹಿಡಿದರು. ಅದು ಬುಡ ಸಮೇತ ಕಿತ್ತುಬಂತು, ಅವರು ಸುಮಾರು 11 ಅಡಿ ಕೆಳಗೆ ಬಿದ್ದರು. ನಾನು ನಾಲ್ಕು ಮೆಟ್ಟಿಲು ಹಿಂದೆ ಇದ್ದೆ. ಕಂಕನಾಡಿಯ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು.

ನಿನ್ನೆ ತಾವು ಹೇಳಿಕೆ ಪಡೆಯಲು ಆಸ್ಪತ್ರೆಗೆ ಬಂದಾಗ ಬಾಗಿಯಕ್ಕ, ರಿಝ್ವಾನಾ ಅರ್ಜಿ ಕೊಟ್ಟಿದ್ದಳು, ಟ್ರಸ್ಟಿನವರೇ ಕೇಳಲಿಲ್ಲ ಎಂದು ಬರೆಸಿದ್ದಾರೆ. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವರು ನಂಬಿದ್ದನ್ನು ಹೇಳಿದ್ದಾರೆ, ಸುಳ್ಳು ನನ್ನದು. ಅರ್ಜಿಯನ್ನು ಈಗ ಹಾಜರುಪಡಿಸಿದ್ದೇನೆ.

ಇಲ್ಲಿ ಠಾಣೆಗೆ ಬರುವ ಮೊದಲು, ಬೆಳಿಗ್ಗೆ 8.15ಕ್ಕೆ, ಆಸ್ಪತ್ರೆಯಲ್ಲಿ ಬಾಗಿಯಕ್ಕನಿಗೆ ಎಲ್ಲ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಹೊರಟಾಗ ಹೇಳಿದ್ದು ಇಷ್ಟೇ: "ಇದನ್ನು ನಿನ್ನ ಉಮ್ಮನಿಗೆ ಹೇಳಬೇಡ. ಗೊತ್ತಾದರೆ ಮತ್ತೆ ಅವರು ಆ ಕೆಳಗಿನ ಮನೆಯಲ್ಲಿ ಇರಲಿಕ್ಕಿಲ್ಲ."

ಮೇಲೆ ಬರೆಸಿದ್ದು ನಡೆದ ಹಾಗೆಯೇ ಇದೆ. ಯಾರ ಒತ್ತಾಯವೂ ಇಲ್ಲದೆ ನಾನಾಗಿ ಬಂದು ಹೇಳಿದ್ದೇನೆ. ಓದಿ ಹೇಳಿದ್ದನ್ನು ಕೇಳಿ, ಸರಿ ಇದೆ ಎಂದು ಸಹಿ ಹಾಕಿದ್ದೇನೆ.

ಸ್ಥಳ: ಮಂಗಳೂರು
ದಿನಾಂಕ: 18-11-2025
ಸಹಿ: ರಿಝ್ವಾನಾ